ಡನ್‌ಗೆ ಸಾವಿನ ಭಯವಿರಲಿಲ್ಲವೇ?

ಎಂ.ಎ. ಉತ್ತರಪತ್ರಿಕೆಗಳನ್ನು ತಿದ್ದುವ ಕಾಲ ಬಂತೆಂದರೆ ಒಂದು ವಾಕ್ಯದಿಂದ ನನಗೆ ಬಿಡುಗಡೆಯಿಲ್ಲ: ‘ಜಾನ್ ಡನ್‌ಗೆ ಸಾವಿನ ಭಯವಿರಲಿಲ್ಲ.’ ಸಾವಿಗೆ ‘ಗರ್ವಪಡಬೇಡ’ ಎಂದು ಗದರುವ, 1633ರಲ್ಲಿ ಅಚ್ಚಾದ ಆ ಇಂಗ್ಲಿಷ್ ಕವಿಯ ಸಾನೆಟ್ಟೇ ಅದಕ್ಕೆ ಸಾಕ್ಷಿ. ಯಾರೂ ಕೇಳದಿದ್ದರೂ ‘ಮರಣವೇ ಮಹಾನವಮಿ’ ಎಂಬ ಶರಣರ ಮಾತು ಪಕ್ಕದಲ್ಲಿ ಬಂದು ಕೂತಿರುತ್ತದೆ. ಮಕ್ಕಳ ಉತ್ಸಾಹದ ಮೇಲೆ ಅಕ್ಕರೆಯಿದ್ದರೂ ಅಂಕ ಕೊಡಲು ಕೈ ಬರುವುದಿಲ್ಲ.

ಆ ಸಾನೆಟ್ಟಿನ ಹದಿನಾಲ್ಕು ಸಾಲುಗಳ ವಾದವನ್ನು ದಯವಿಟ್ಟು ನಿಧಾನವಾಗಿ ಓದಬೇಕು. ನಿದ್ದೆಯು ಸಾವಿನ ಪ್ರತಿರೂಪವಾಗಿರುವುದರಿಂದ, ನಿದ್ದೆಯೇ ಇಷ್ಟು ಸುಖ ಕೊಡುವಾಗ ಸಾವು ಇನ್ನೂ ಹೆಚ್ಚು ಕೊಡಬೇಕು ಎನ್ನುವ ಕವಿ, ಕೆಲವೇ ಸಾಲುಗಳಾಚೆ, ಅಫೀಮೋ ಮಂತ್ರವೋ ನಿನಗಿಂತ ಚೆನ್ನಾಗಿ ನಿದ್ದೆ ಬರಿಸುತ್ತದೆ ಎಂದು ಅದೇ ಸಾವನ್ನು ಹೀಯಾಳಿಸುತ್ತಾನೆ. ಸುಖ ಕೊಡುವುದನ್ನು ಬೈಯುವುದೇಕೆ? ವಿಧಿಗೂ ಆಕಸ್ಮಿಕಕ್ಕೂ ರಾಜರಿಗೂ ಹತಾಶರಿಗೂ ನೀನು ಗುಲಾಮ ಎನ್ನುತ್ತಾನೆ. ಗುಲಾಮನ ಕೈಯಲ್ಲಾದರೂ ಸಾಯುವುದು ತಪ್ಪಲಿಲ್ಲವಲ್ಲ! ಕೊನೆಗೆ ‘ಸಾವೇ, ನೀನೇ ಸಾಯುವೆ’ ಎಂಬ ಬೆದರಿಕೆ. ಸಾವಿನಲ್ಲಿ ಅಂಜುವಂಥದ್ದೇನೂ ಇಲ್ಲವೆಂದು ಅಷ್ಟು ಹೊತ್ತು ವಾದಿಸಿದವನಿಗೆ ಹೆದರಿಸಲು ಸಿಕ್ಕಿದ್ದು ಸಾವೊಂದೇ. ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿದವನಿಗೆ ತನ್ನ ವಾದ ಸೋರುತ್ತಿರುವುದು ತಿಳಿದಿರಲಿಲ್ಲವೆಂದು ನಂಬುವುದು ನನಗಂತೂ ಕಷ್ಟ. ಕೊನೆಯ ಸಾಲು ಸಂತ ಪೌಲನ ಪತ್ರದಿಂದ ಬಂದದ್ದು, ಭಕ್ತನಿಗೆ ಅದು ತರ್ಕವಲ್ಲ, ಭರವಸೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಭರವಸೆಯೊಂದೇ ಸಾಕಾಗಿದ್ದರೆ ಅದಕ್ಕೆ ಮುಂಚಿನ ಅಷ್ಟೂ ಜಗಳ ಬೇಕಿರಲಿಲ್ಲ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಶವವಸ್ತ್ರದ ಕಥೆಯನ್ನು ಮುಂದಿಟ್ಟು ನನ್ನನ್ನು ಕಟ್ಟಿಹಾಕಲು ನೋಡಿದಳು. 1631ರಲ್ಲಿ, ಸಾಯುವ ಕೆಲವೇ ದಿನಗಳ ಮುಂಚೆ, ಡನ್ ಶವವಸ್ತ್ರ ಸುತ್ತಿಕೊಂಡು ನಿಂತು ಚಿತ್ರ ಬರೆಸಿಕೊಂಡು, ಅದನ್ನು ಹಾಸಿಗೆಯ ಪಕ್ಕದಲ್ಲೇ ಇರಿಸಿಕೊಂಡನೆಂದು ಅವನ ಜೀವನಚರಿತ್ರೆಕಾರ ಐಸಾಕ್ ವಾಲ್ಟನ್ ಬರೆದಿದ್ದಾನೆ. ನಿಕೋಲಸ್ ಸ್ಟೋನ್ ಕಡೆದ ಅದೇ ಭಂಗಿಯ ಅಮೃತಶಿಲೆಯ ಪ್ರತಿಮೆ 1666ರ ಲಂಡನ್ ಮಹಾಬೆಂಕಿಯಲ್ಲೂ ಉಳಿದು ಇಂದಿಗೂ ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿದೆ. ‘ಹೆದರಿದವನು ಹೀಗೆ ಮಾಡುತ್ತಾನೆಯೇ, ಸರ್?’ ಎಂದು ಅವಳು ಕೇಳಿದಳು. ಹೆದರಿದವನೇ ಮಾಡುವ ಅಭ್ಯಾಸ ಅದಿರಬಹುದಮ್ಮ ಎಂದು, ತಂದೆಯಾದ ದೇವರಿಗೆ ಅವನು ಬರೆದ ಸ್ತೋತ್ರವನ್ನು ತೆಗೆದು ಓದಿಸಿದೆ. ಬದುಕಿನ ಕೊನೆಯ ಎಳೆಯನ್ನು ನೂತು ಮುಗಿಸಿದ ಮೇಲೆ ದಡದಲ್ಲೇ ನಾಶವಾದೇನೆಂಬ ಭಯವನ್ನು ಅಲ್ಲಿ ತನ್ನ ಪಾಪಗಳ ಪಟ್ಟಿಗೆ ಅವನೇ ಸೇರಿಸುತ್ತಾನೆ. ಆಮೇಲೆ, ನಾನು ಸಾಯುವಾಗ ನಿನ್ನ ಮಗ ಬೆಳಗುವನೆಂದು ನಿನ್ನ ಮೇಲೆಯೇ ಆಣೆ ಮಾಡು ಎಂದು, ಕೋರ್ಟಿನ ಭಾಷೆಯಲ್ಲೆಂಬಂತೆ, ದೇವರಿಂದಲೇ ಪ್ರಮಾಣ ಕೇಳುತ್ತಾನೆ. ‘ಇನ್ನು ಭಯವಿಲ್ಲ’ ಎನ್ನುವುದು ಆ ಪ್ರಮಾಣ ಸಿಕ್ಕರೆ ಮಾತ್ರ.