ಫ್ರಿಜ್ ಗ್ಯಾಸ್ ಸುಮ್ನೆ ಖಾಲಿಯಾಗಲ್ಲ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಎಲ್ಲರದ್ದೂ ಒಂದೇ ಮಾತು: "ಅಣ್ಣಾ, ಫ್ರಿಜ್ ಕೂಲ್ ಆಗ್ತಿಲ್ಲ. ಗ್ಯಾಸ್ ಖಾಲಿ ಆಗಿರ್ಬೇಕು, ಬಂದು ತುಂಬಿಸ್ಕೊಡಿ."

ಅಡುಗೆ ಸಿಲಿಂಡರ್ ತರ ಫ್ರಿಜ್ಜಿನ ಗ್ಯಾಸ್ ಖರ್ಚಾಗುವುದಿಲ್ಲ. ಬೆಸುಗೆ ಹಾಕಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ಹಾಕಿಸಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಕಳೆದ ಬೇಸಿಗೆಯಲ್ಲಿ ಒಂದು ಮನೆಗೆ ಹೋಗಿದ್ದೆ. ಡಬಲ್ ಡೋರ್ ಫ್ರಿಜ್. ಮೇಲೆ ಫ್ರೀಜರಿನಲ್ಲಿ ಐಸ್ ಕಲ್ಲಿನ ಹಾಗಿದೆ, ಕೆಳಗೆ ಹಾಲು ಒಡೆಯುತ್ತಿದೆ. ಮೊದಲು ಬಂದವನು ಗ್ಯಾಸ್ ಚಾರ್ಜ್ ಮಾಡಬೇಕು ಅಂದು ಹೋಗಿದ್ದನಂತೆ. ನಾನು ಫ್ರೀಜರಿನ ಹಿಂದಿನ ಪ್ಯಾನೆಲ್ ಬಿಚ್ಚಿದೆ. ತಂಪು ಮಾಡುವ ಪೈಪಿನ ಸುರುಳಿ, ಅಂದರೆ ಕಾಯಿಲ್, ಕಾಣಲೇ ಇಲ್ಲ! ದಿಂಬು ಹರಿದು ಹತ್ತಿ ಹೊರಬಂದ ಹಾಗೆ ಬರೀ ಮಂಜು. ಗ್ಯಾಸ್ ಕಮ್ಮಿಯಿದ್ದಿದ್ದರೆ ಮಂಜು ಕಾಯಿಲಿನ ಒಂದು ತುದಿಯಲ್ಲಿ ಮಾತ್ರ ಇರುತ್ತಿತ್ತು.

ಈ ತರದ, ಮಂಜನ್ನು ತಾನೇ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಫ್ರೀಜರಿನ ಹಿಂದಿರುವ ಆ ಒಂದೇ ಕಾಯಿಲಿನಲ್ಲಿ. ಅಲ್ಲಿಂದ ಒಂದು ಸಣ್ಣ ಫ್ಯಾನ್ ತಣ್ಣನೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಕಾಯಿಲಿಗೆ ಕಟ್ಟುವ ಮಂಜನ್ನು ಒಂದು ಹೀಟರ್ ಆಗಾಗ ಕರಗಿಸುತ್ತಿರಬೇಕು. ಹೀಟರ್ ಸುಟ್ಟರೆ, ಇಲ್ಲವೇ ತಂಪು ನೋಡಿ ಅದಕ್ಕೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಬೈಮೆಟಲ್, ಕೆಟ್ಟರೆ ಮಂಜು ಬೆಳೆದು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಆ ಮನೆಯಲ್ಲಿ ಕೆಟ್ಟಿದ್ದು ಬೈಮೆಟಲ್. ಹೆಬ್ಬೆರಳಷ್ಟು ಸಾಮಾನು. ಅವರು ಗ್ಯಾಸಿಗೆಂದು ಎತ್ತಿಟ್ಟಿದ್ದ ದುಡ್ಡಿನ ಕಾಲುಭಾಗವೂ ಖರ್ಚಾಗಲಿಲ್ಲ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ದಿನ ಪೂರ್ತಿ ಬಿಡಿ. ನೆಲಕ್ಕೆ ಹಳೇ ಬಟ್ಟೆ ಹಾಸುವುದನ್ನು ಮರೆಯಬೇಡಿ. ಮತ್ತೆ ಹಾಕಿದ ಮೇಲೆ ಒಂದೆರಡು ವಾರ ಚೆನ್ನಾಗಿ ನಡೆದು ಆಮೇಲೆ ಹಳೇ ಕಥೆಯೇ ಶುರುವಾದರೆ ಗ್ಯಾಸ್ ಮಾತು ಬಿಡಿ, ಮಂಜು ಕರಗಿಸುವ ಭಾಗಗಳನ್ನು (ಡಿಫ್ರಾಸ್ಟ್) ನೋಡಿಸಿ.

ಇನ್ನು ಕೆಲವು ಕಡೆ ನಾನು ಸ್ಕ್ರೂಡ್ರೈವರ್ ಹೊರಗೆ ತೆಗೆಯುವುದೇ ಇಲ್ಲ. ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಗಾಳಿ ಬರುವ ಕಿಂಡಿಗೆ ಅಡ್ಡ ಕೂತಿರುತ್ತದೆ. ಅಥವಾ ನಾಬ್ 1ರಲ್ಲಿ ಇರುತ್ತದೆ. ನಂಬರ್ ಕಮ್ಮಿಯಾದಷ್ಟೂ ತಂಪು ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ, ಸಾಮಾನ್ಯವಾಗಿ ಅದು ಉಲ್ಟಾ. ಬಾಗಿಲಿನ ರಬ್ಬರನ್ನೂ ನೋಡಿ. ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಬಿಸಿಗಾಳಿ ಒಳಗೆ ಹೋಗುತ್ತಿದೆ. ಫ್ರಿಜ್ಜಿನ ಎರಡೂ ಬದಿ ಮುಟ್ಟಿದರೆ ಬಿಸಿಯಿದೆ ಅಂತ ಗಾಬರಿ ಬೇಡ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಬಿಸಿ ಹೊರಬಿಡುವ ಪೈಪ್ ಅಲ್ಲೇ ಇರುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಅಷ್ಟೆ.

ಕಂಪ್ರೆಸರ್ ಸ್ವಲ್ಪ ಹೊತ್ತು ಗುಂಯ್ ಅಂದು 'ಟಿಕ್' ಅಂತ ನಿಂತುಹೋಗುತ್ತಾ? ಮೊದಲು ವೋಲ್ಟೇಜ್ ನೋಡಿ. ಬೇಸಿಗೆ ಸಂಜೆ 230 ಇರಬೇಕಾದ್ದು 170ಕ್ಕೆ ಇಳಿದಿದ್ದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ವೋಲ್ಟೇಜ್ ಸರಿಯಿದ್ದರೆ ಕಂಪ್ರೆಸರ್ ಶುರು ಮಾಡಿಸುವ ರಿಲೇ ಅಥವಾ ಅದು ಸುಡದಂತೆ ಕಾಯುವ ಓವರ್‌ಲೋಡ್ ಹೋಗಿರಬಹುದು. ಸ್ವಿಚ್ ಹಾಕಿ ಆರಿಸಿ ಆಟ ಆಡಬೇಡಿ. ಆರಿಸಿದ ಮೇಲೆ ಐದು ನಿಮಿಷವಾದರೂ ಬಿಡಿ.

ನಿಜವಾಗಿಯೂ ಗ್ಯಾಸ್ ಹೋಗುವುದೂ ಉಂಟು. ಸಿಂಗಲ್ ಡೋರ್ ಫ್ರಿಜ್ಜುಗಳಲ್ಲಿ ನಾನು ಕಂಡಂತೆ ಅದಕ್ಕೆ ದೊಡ್ಡ ಕಾರಣ ಚಾಕು. ಐಸ್ ಕೆತ್ತಲು ಹೋಗಿ, ಒಳಗೆ ಗ್ಯಾಸ್ ಹರಿಯುವ ಫ್ರೀಜರಿನ ಅಲ್ಯೂಮಿನಿಯಂ ತೂತಾಗುತ್ತದೆ, ಪುಸ್ ಅಂತ ಸದ್ದು ಬರುತ್ತದೆ, ಮನೆಯವರು ಚಾಕು ಬಚ್ಚಿಟ್ಟು ನನಗೆ ಫೋನ್ ಮಾಡುತ್ತಾರೆ.

ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿರುವುದು ಆರ್-600ಎ ಗ್ಯಾಸ್. ಮನೆಯ ಫ್ರಿಜ್ಜಿಗೆ ಸಾಮಾನ್ಯವಾಗಿ 100 ಗ್ರಾಂ ಕೂಡ ಬೇಡ, ಆದರೆ ಅದು ಅಡುಗೆ ಗ್ಯಾಸಿನಂತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಗ್ಯಾಸ್ ತುಂಬುವಾಗ ಕಿಟಕಿ ತೆರೆದಿರಬೇಕು, ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯಬೇಕು, ಗ್ಯಾಸನ್ನು ತೂಕ ಮಾಡಿ ಹಾಕಬೇಕು. ರಿಪೇರಿಯವರು ಬರೀ ಗ್ಯಾಸ್ ಡಬ್ಬಿ ಹಿಡಿದು ಬಂದರೆ, "ವ್ಯಾಕ್ಯೂಮ್ ಪಂಪ್ ಎಲ್ಲಿ?" ಅಂತ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.