ಓಡುತ್ತಿರುವಾಗ ಎಂಜಿನ್ ಬಿಸಿ ಯಾಕೆ ಏರಿಳಿಯುತ್ತದೆ?

ಪಂಪು ಕೂಲೆಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ಎಂಜಿನ್ ಸುತ್ತ ಹರಿಸುತ್ತದೆ, ರೇಡಿಯೇಟರ್ ಆ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಇಷ್ಟು ಸುಲಭ. ತಲೆ ಕೆಡುವುದು ಥರ್ಮೋಸ್ಟಾಟ್ ಹತ್ತಿರ, ಅಂದರೆ ರೇಡಿಯೇಟರ್‌ಗೆ ಎಷ್ಟು ಕೂಲೆಂಟ್ ಹೋಗಬೇಕೆಂದು ನೋಡಿಕೊಳ್ಳುವ ವಾಲ್ವ್ ಹತ್ತಿರ.

ಅದನ್ನು ಆನ್-ಆಫ್ ಸ್ವಿಚ್ ಅಂದುಕೊಂಡರೆ ಮುಂದಿನ ಯಾವುದೂ ತಾಳೆಯಾಗುವುದಿಲ್ಲ. ಅದರೊಳಗೆ ಮೇಣ ತುಂಬಿದ ಚಿಕ್ಕ ಡಬ್ಬಿ ಇದೆ. ಮೇಣ ಕರಗಿ ಹಿಗ್ಗಿದಷ್ಟೂ ವಾಲ್ವ್ ತೆರೆಯುತ್ತದೆ, ತಣ್ಣಗಾದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. 88 ಡಿಗ್ರಿಗೆ ತೆರೆಯಲು ಶುರುವಾಗುವ ಥರ್ಮೋಸ್ಟಾಟ್ ಪೂರ್ತಿ ತೆರೆಯುವುದು 100ರ ಆಸುಪಾಸಿನಲ್ಲಿ. ನಡುವೆ ಅದು ಸುಮ್ನೆ ಕೂರುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್‌ಗೆ ಕೆಲಸ ಕಮ್ಮಿ, ಕೂಲೆಂಟ್ ತಣಿಯುತ್ತದೆ, ವಾಲ್ವ್ ಕಿರಿದಾಗುತ್ತದೆ. ಆಗ ಹೆಚ್ಚಿನ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲೇ ಎಂಜಿನ್‌ಗೆ ಮರಳುತ್ತದೆ. ಏರಿನಲ್ಲಿ ಇದರ ಉಲ್ಟಾ. ಆದರೆ ವಾಲ್ವ್ ಪೂರ್ತಿ ತೆರೆದ ಮೇಲೆ ಥರ್ಮೋಸ್ಟಾಟ್ ಕೈಯಲ್ಲಿ ಏನೂ ಇಲ್ಲ! ಬಿಸಿ ತೀರಾ ಇಳಿಯದಂತೆ ನೋಡಿಕೊಳ್ಳುವುದು ಥರ್ಮೋಸ್ಟಾಟ್, ತೀರಾ ಏರದಂತೆ ನೋಡಿಕೊಳ್ಳುವುದು ರೇಡಿಯೇಟರ್ ಮತ್ತು ಗಾಳಿ. ಈ ಎರಡು ಕೆಲಸ ಬೇರೆ ಮಾಡಿ ಇಟ್ಟುಕೊಳ್ಳಿ.

ಹಾಗೆ ಇಟ್ಟುಕೊಂಡರೆ ನನಗೆ ಬಹಳ ಇಷ್ಟವಾದ ಒಂದು ಪ್ರಶ್ನೆ ಸಿಗುತ್ತದೆ: ಗಾಡಿ ಯಾವ ವೇಗದಲ್ಲಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಅಲುಗಿತು?

ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ಮೊದಲು ಫ್ಯಾನ್ ನೋಡಿ. ನಿಂತ ಗಾಡಿಗೆ ಗಾಳಿ ಎಳೆದುಕೊಡುವುದು ಅದೊಂದೇ. ಎಸಿ ಹಾಕಿದ್ದರೆ ಇನ್ನೂ ಕಷ್ಟ, ಏಕೆಂದರೆ ಎಸಿಯ ಕಂಡೆನ್ಸರ್ ಸಾಮಾನ್ಯವಾಗಿ ರೇಡಿಯೇಟರ್‌ನ ಮುಂದೆಯೇ ಕೂತು ತನ್ನ ಬಿಸಿಯನ್ನೂ ಅದರ ಮೇಲೆ ಬಿಡುತ್ತದೆ. ಹೈವೇಯಲ್ಲಿ ಜೋರಾಗಿ ಓಡುವಾಗಲೇ ಏರಿದರೆ ಗಾಳಿಯ ಕೊರತೆ ಇರಲಾರದು, ಅಲ್ವಾ? ಕೂಲೆಂಟ್ ಕಮ್ಮಿಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೇ ಸಿಕ್ಕಿಕೊಂಡಿರಬಹುದು. ಹೈವೇಯಲ್ಲಿ ಇಳಿದು, ನಿಂತಾಗ ಸರಿಹೋದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎನ್ನುವ ಅನುಮಾನವೇ ಜಾಸ್ತಿ.

ಹೀಟರ್ ಕೂಡ ಇದೇ ಕೂಲೆಂಟಿನ ಬಿಸಿಯಲ್ಲಿ ನಡೆಯುತ್ತದೆ. ಐಡಲ್‌ನಲ್ಲಿ ತಣ್ಣನೆ ಗಾಳಿ, ಆಕ್ಸಿಲರೇಟರ್ ಒತ್ತಿದರೆ ಬೆಚ್ಚಗೆ ಬಂದರೆ, ಕೂಲೆಂಟ್ ಕಮ್ಮಿಯಾಗಿದೆಯೇ, ಒಳಗೆ ಗಾಳಿ ಸಿಕ್ಕಿಕೊಂಡಿದೆಯೇ ನೋಡಿ.

ಒಂದು ಎಚ್ಚರ. ಎಷ್ಟೋ ಕಾರುಗಳಲ್ಲಿ ಮುಳ್ಳು ಬೇಕಂತಲೇ ನಡುವೆ ನಿಲ್ಲುವಂತೆ ಮಾಡಿರುತ್ತಾರೆ. ನಿಜವಾದ ಬಿಸಿ ಹತ್ತಾರು ಡಿಗ್ರಿ ಆಚೀಚೆಯಾದರೂ ಅದು ಕದಲುವುದಿಲ್ಲ. ಅದು ಕೆಂಪಿನ ಕಡೆ ಹೊರಟಿತೆಂದರೆ ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಕೂಲೆಂಟಿನ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಒತ್ತಡದಿಂದಲೇ ಕೂಲೆಂಟ್ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ.