ಎದುರುಬದುರು ಕೂತು ಮಾತಾಡಿದರೆ ಪೂರ್ವಗ್ರಹ ಕರಗುತ್ತದೆಯೇ?

1992ರ ಏಪ್ರಿಲ್‌ನಲ್ಲಿ, ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಥಳಿಸಿದ ಆರೋಪ ಹೊತ್ತಿದ್ದ ನಾಲ್ವರು ಪೊಲೀಸರಲ್ಲಿ ಒಬ್ಬರನ್ನೂ ಜ್ಯೂರಿ ತಪ್ಪಿತಸ್ಥರೆಂದು ಹೇಳದೆ ಹೋದಾಗ, ಲಾಸ್ ಏಂಜಲಿಸ್ ಹೊತ್ತಿ ಉರಿಯಿತು. 60ಕ್ಕೂ ಹೆಚ್ಚು ಜನ ಸತ್ತರು. ಅದರ ಬೆನ್ನಿಗೇ ಒಹಾಯೊ ರಾಜ್ಯದ ಲೈಮಾ ಎಂಬ ಸಣ್ಣ ನಗರದಲ್ಲಿ ಕಪ್ಪು ಮತ್ತು ಬಿಳಿಯ ನಾಗರಿಕರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಜನಾಂಗದ ವಿಷಯವನ್ನೇ ಮುಂದಿಟ್ಟು ಮಾತಾಡಿಸುವ ಕೆಲಸ ಆರಂಭವಾಯಿತು. ಇಪ್ಪತ್ತನೆಯ ಶತಮಾನದ ಆದಿಯಿಂದಲೂ ಸ್ವೀಡನ್ನಿನ ಜನಚಳವಳಿಗಳಲ್ಲಿ ಬಳಕೆಯಲ್ಲಿದ್ದ ‘ಸ್ಟಡಿ ಸರ್ಕಲ್’ ಇದಕ್ಕೆ ಮಾದರಿ. ಮುಂದೆ ಅಮೆರಿಕದ ಅನೇಕ ಊರುಗಳು ಈ ಹಾದಿ ಹಿಡಿದವು.

ಇಂಥ ಗುಂಪಿನಲ್ಲಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಜನರಿರುತ್ತಾರೆ. ಅವರೇ ಮತ್ತೆ ಮತ್ತೆ, ನಾಲ್ಕಾರು ಸಲ ಸೇರುತ್ತಾರೆ. ತರಬೇತಿ ಪಡೆದ ಸಂಯೋಜಕರು ಯಾರ ಪಕ್ಷವನ್ನೂ ವಹಿಸದೆ ಮಾತನ್ನು ಹದ ತಪ್ಪದಂತೆ ನಡೆಸುತ್ತಾರೆ. ಮೊದಲ ಸಭೆಯಲ್ಲಿ ಯಾರೂ ಅಭಿಪ್ರಾಯ ಮಂಡಿಸುವುದಿಲ್ಲ. ತಮ್ಮ ಬದುಕಿನಲ್ಲಿ ಜನಾಂಗ ಎಂಬುದು ಮೊದಲ ಸಲ ಎದುರಾದದ್ದು ಯಾವಾಗ ಎಂದು ಪ್ರತಿಯೊಬ್ಬರೂ ಹೇಳಿಕೊಳ್ಳುತ್ತಾರೆ. ಕಪ್ಪು ವರ್ಣೀಯ ತಂದೆಯೊಬ್ಬ, ಹೊಸದಾಗಿ ಕಾರು ಓಡಿಸಲು ಕಲಿತ ಮಗನಿಗೆ, ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತಿಟ್ಟಿರು, ಕೇಳದೆ ಜೇಬಿಗೆ ಕೈ ಹಾಕಬೇಡ ಎಂದು ಪಾಠ ಹೇಳಬೇಕಾಗುತ್ತದೆ. ಪಕ್ಕದಲ್ಲಿ ಕೂತ ಬಿಳಿಯ ತಂದೆಗೆ ತನ್ನ ಮಗನಿಗೆ ಇಂಥ ಪಾಠ ಹೇಳುವ ಪ್ರಸಂಗವೇ ಬಂದಿರುವುದಿಲ್ಲ. ಒಂದೇ ಊರಿನ ಒಂದೇ ರಸ್ತೆ ಇಬ್ಬರಿಗೆ ಎಷ್ಟು ಬೇರೆ ಎಂಬುದು ಅಂಕಿಅಂಶಗಳ ಪುಟಗಳಿಗಿಂತ ಇಲ್ಲಿ ಬೇಗ ತಿಳಿಯುತ್ತದೆ.

ಇದರ ಹಿಂದಿನ ವಿಜ್ಞಾನ 1954ರಷ್ಟು ಹಳೆಯದು. ಬರಿಯ ಒಡನಾಟದಿಂದ ಪೂರ್ವಗ್ರಹ ಹೋಗದು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಆಗ ವಾದಿಸಿದರು: ಸೇರಿದವರಿಗೆ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಅಧಿಕಾರದಲ್ಲಿರುವವರ ಬೆಂಬಲವೂ ಬೇಕು. ಯಜಮಾನ ಮತ್ತು ಆಳಿನ ನಡುವೆ ದಿನವಿಡೀ ಒಡನಾಟವಿದ್ದರೂ ತಾತ್ಸಾರ ಅಳಿಯದಿರುವುದು ಇದೇ ಕಾರಣಕ್ಕೆ. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟ ಹೆಚ್ಚಿದ್ದಲ್ಲಿ ಪೂರ್ವಗ್ರಹ ಕಡಿಮೆಯಿರುವುದು ಕಂಡುಬಂತು. ಆಲ್‌ಪೋರ್ಟ್ ಹೇಳಿದ ಷರತ್ತುಗಳಂತೆ ಏರ್ಪಟ್ಟ ಕಡೆ ಪರಿಣಾಮ ಇನ್ನೂ ಗಟ್ಟಿಯಾಗಿತ್ತು.

ಹಾಗಿದ್ದರೆ ಜನ ತಾವಾಗಿಯೇ ಏಕೆ ಸೇರುವುದಿಲ್ಲ? ನಿಕೋಲ್ ಶೆಲ್ಟನ್ ಮತ್ತು ಜೆನಿಫರ್ ರಿಚಸನ್ 2005ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೊಂದು ಉತ್ತರ ಕೊಡುತ್ತವೆ. ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳಿಬ್ಬರಿಗೂ ಪರಸ್ಪರ ಬೆರೆಯುವ ಆಸೆಯಿತ್ತು, ಆದರೆ ಆಚೆಯವರಿಗೆ ತಮ್ಮ ಮೇಲೆ ಆಸಕ್ತಿಯಿಲ್ಲವೆಂದು ಎರಡೂ ಕಡೆಯವರು ನಂಬಿದ್ದರು. ತಿರಸ್ಕಾರದ ಅಂಜಿಕೆಯಿಂದ ತಾವು ಹಿಂದೆಗೆಯುತ್ತಿದ್ದೇವೆ ಎಂದು ಅರಿತವರೂ, ಎದುರಿನವರು ಹಿಂದೆಗೆದರೆ ಅದನ್ನು ನಿರಾಸಕ್ತಿಯೆಂದೇ ಓದಿಕೊಳ್ಳುತ್ತಿದ್ದರು. ಮೂರನೆಯವರೊಬ್ಬರು ಕರೆದು ಕೂರಿಸಿದಾಗ ಮೊದಲು ಮಾತಾಡಿಸುವ ಹೊರೆ ಯಾರ ಮೇಲೂ ಬೀಳುವುದಿಲ್ಲ.

ಇಷ್ಟಾದರೂ ಆ ಕೋಣೆಗೆ ಬಂದ ಎರಡು ಕಡೆಯವರ ಅಗತ್ಯ ಒಂದೇ ಅಲ್ಲ, ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಮುಖ್ಯವಾದ ಸಂಗತಿ. ಎಮಿಲ್ ಬ್ರೂನೊ ಮತ್ತು ರೆಬೆಕಾ ಸ್ಯಾಕ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದಲ್ಲಿದ್ದ ಮೆಕ್ಸಿಕನ್ ವಲಸಿಗರ ಮನೋಭಾವ ತಮ್ಮ ಕಷ್ಟವನ್ನು ಹೇಳಿಕೊಂಡು, ಅದು ಎದುರಿನವರ ಕಿವಿಗೆ ಬಿದ್ದಿತೆಂದು ತಿಳಿದಾಗ ಹೆಚ್ಚು ಸುಧಾರಿಸಿತು, ಬಿಳಿಯರದು ಕೇಳಿಸಿಕೊಂಡಾಗ. ಆದ್ದರಿಂದ ಎಲ್ಲರಿಗೂ ಅಳೆದು ಸಮನಾಗಿ ಸಮಯ ಹಂಚುವುದೇ ನ್ಯಾಯವೆಂದು ಸಂಯೋಜಕರು ತಿಳಿಯಬಾರದು. ದೂರುಗಳನ್ನು ಬದಿಗಿಟ್ಟು ‘ನಾವೆಲ್ಲ ಒಂದೇ’ ಎಂಬ ಮಾತುಗಳಲ್ಲೇ ಸಂಜೆ ಕಳೆಯುವುದು ಅದಕ್ಕಿಂತ ದೊಡ್ಡ ಅಪಾಯ. ತಮಾರ್ ಸಾಗಿ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ, ಸಾಮ್ಯಗಳನ್ನಷ್ಟೇ ಚರ್ಚಿಸಿದ ದುರ್ಬಲ ಗುಂಪಿನವರು ಬಲಿಷ್ಠರಿಂದ ಸಂಪನ್ಮೂಲದ ನ್ಯಾಯವಾದ ಹಂಚಿಕೆಯನ್ನು ನಿರೀಕ್ಷಿಸಿದರು. ಬಲಿಷ್ಠರು ಮಾತ್ರ ಆ ನಿರೀಕ್ಷೆಗೆ ತಕ್ಕಂತೆ ಹಂಚಲಿಲ್ಲ. ಒಳ್ಳೆಯ ಸ್ಟಡಿ ಸರ್ಕಲ್‌ಗಳ ಕೊನೆಯ ಸಭೆಗಳನ್ನು ಶಾಲೆ, ಪೊಲೀಸ್, ವಸತಿ ವ್ಯವಸ್ಥೆಗಳಲ್ಲಿ ಏನು ಬದಲಾಗಬೇಕು, ಅದನ್ನು ಯಾರು ಮಾಡಬೇಕು ಎಂಬುದಕ್ಕೆ ಮೀಸಲಿಡುವುದು ಈ ಕಾರಣಕ್ಕೇ ಅನಿವಾರ್ಯ.

ಇನ್ನೊಂದು ಕೊರತೆಯಿದೆ. ಇಂಥ ಸಭೆಗಳಿಗೆ ಹೆಸರು ಕೊಡುವವರು ಬಹುಮಟ್ಟಿಗೆ ಬದಲಾಗಲು ಸಿದ್ಧರಿರುವವರೇ ಆದ್ದರಿಂದ, ಕೊನೆಗೆ ಕಾಣುವ ಬದಲಾವಣೆ ಸಭೆಯಿಂದ ಬಂತೋ, ಅವರ ಸ್ವಭಾವದಿಂದಲೋ ಎಂದು ಹೇಳಲಾಗದು. ಎಲಿಜಬೆತ್ ಪಲಕ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಭಾಗವಹಿಸುವವರನ್ನು ಯಾದೃಚ್ಛಿಕವಾಗಿ ಆರಿಸಿ, ದಿನ ಕಳೆದ ಮೇಲೆ ಪರಿಣಾಮ ಅಳೆದ ಅಧ್ಯಯನಗಳು ಸಿಕ್ಕಿದ್ದು 27 ಮಾತ್ರ. ಅವುಗಳಲ್ಲೂ ಜನಾಂಗೀಯ ಪೂರ್ವಗ್ರಹದ ಮೇಲಿನ ಪರಿಣಾಮ ಉಳಿದವುಗಳಿಗಿಂತ ದುರ್ಬಲವಾಗಿತ್ತು. ಈ ಕೊರತೆ ನೀಗಿಸುವುದು ಕಷ್ಟವಲ್ಲ. ಹೆಸರು ಕೊಟ್ಟವರಲ್ಲಿ ಅರ್ಧ ಜನರನ್ನು ಚೀಟಿ ಎತ್ತಿ ಮೊದಲ ಸುತ್ತಿಗೆ ಕರೆದು, ಉಳಿದವರನ್ನು ಮುಂದಿನ ಸುತ್ತಿಗೆ ಕಾಯಿಸಿ, ಆ ನಡುವೆ ಎರಡೂ ತಂಡಗಳಿಗೆ ಅವೇ ಪ್ರಶ್ನೆಗಳನ್ನು ಕೇಳಿದರೆ, ಸಭೆಗಳ ಪಾಲೆಷ್ಟು ಎಂಬುದು ಆ ಊರಿನವರಿಗೇ ಗೊತ್ತಾಗುತ್ತದೆ.